ಹದ್ದು ಪೆಟ್ಟಿಗೆಯೊಳಗೆ ಹೋದ ಮೇಲೆ: ವನ್ಯಜೀವಿ ಆಸ್ಪತ್ರೆಗಳಿಗೆ ನಮ್ಮಿಂದ ಆಗುವ ನೆರವು

ಗಾಳಿಪಟದ ದಾರಕ್ಕೆ ಸಿಕ್ಕಿ ಮರದ ತುದಿಯಿಂದ ತಲೆಕೆಳಗಾಗಿ ನೇತಾಡುವ ಹದ್ದು ಬೆಂಗಳೂರಿನವರಿಗೆ ಅಪರೂಪದ ನೋಟವಲ್ಲ. ಅಗ್ನಿಶಾಮಕ ದಳದವರೋ ವನ್ಯಜೀವಿ ಸ್ವಯಂಸೇವಕರೋ ಬಂದು ಅದನ್ನು ಇಳಿಸುತ್ತಾರೆ. ಕೆಳಗೆ ಸೇರಿದವರು ವಿಡಿಯೊ ಮಾಡಿಕೊಳ್ಳುತ್ತಾರೆ. ಹದ್ದು ರಟ್ಟಿನ ಪೆಟ್ಟಿಗೆಯೊಳಗೆ ಹೋಗುತ್ತದೆ, ಜನ ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಹದ್ದಿನ ಪಾಡು ಶುರುವಾಗುವುದೇ ಆಮೇಲೆ. ಹೆಗಲಿನಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಭಾಗದಲ್ಲಿ ಒಂದು ತೆಳು ಚರ್ಮವಿದೆ. ರೆಕ್ಕೆ ಬಿಚ್ಚಿದಾಗ ಅದು ಬಿಗಿದು ನಿಂತರೆ ಮಾತ್ರ ಹಕ್ಕಿ ಗಾಳಿಯ ಮೇಲೆ ತೇಲಬಲ್ಲದು. ಗಾಜಿನ ಪುಡಿ ಲೇಪಿಸಿದ ಮಾಂಜಾ ದಾರ ಕೊಯ್ಯುವುದು ಹೆಚ್ಚಾಗಿ ಅಲ್ಲಿಯೇ. ಚರ್ಮದೊಳಗಿನ ಸ್ನಾಯುರಜ್ಜು ತುಂಡಾಗಿದ್ದರೆ ಹೊಲಿಗೆ ಹಾಕಿ ಗಾಯ ಮಾಯಿಸಬಹುದು, ಹಾರಾಟ ಮರಳುತ್ತದೆ ಎಂದು ಯಾವ ವೈದ್ಯರೂ ಭರವಸೆ ಕೊಡಲಾರರು. ಗಾಯ ತೊಳೆಯಬೇಕು, ಹೊಲಿಯಬೇಕು, ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕು, ರೆಕ್ಕೆ ಮಡಚಿದಲ್ಲೇ ಬಿಗಿದುಕೊಳ್ಳದಂತೆ ಮೆಲ್ಲಗೆ ಬಿಡಿಸಿ ವ್ಯಾಯಾಮ ಮಾಡಿಸಬೇಕು. ಆಮೇಲೆ ದೊಡ್ಡ ಪಂಜರಕ್ಕೆ ಬಿಟ್ಟು ಅಲ್ಲಿ ಸಲೀಸಾಗಿ ಹಾರುತ್ತದೆಯೇ, ಎತ್ತರಕ್ಕೆ ಏರುತ್ತದೆಯೇ, ಏದುಸಿರು ಬಿಡುತ್ತದೆಯೇ ಎಂದು ನೋಡಬೇಕು. ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳೇ.

ವನ್ಯಜೀವಿ ಪುನರ್ವಸತಿ ಎನ್ನುವುದು ಈ ಕಾಣದ ವಾರಗಳ ಕೆಲಸ. ಪೆಟ್ಟಾದ, ಕಾಯಿಲೆ ಬಿದ್ದ, ತಬ್ಬಲಿಯಾದ ಕಾಡುಜೀವಿಯನ್ನು ಬದುಕಿಸಿ, ತನ್ನ ಊಟ ತಾನೇ ಹುಡುಕಿಕೊಳ್ಳುವಷ್ಟು ಗಟ್ಟಿ ಮಾಡಿ, ಬಂದ ಜಾಗಕ್ಕೇ ಬಿಡುವುದು ಅದರ ಗುರಿ. ಜೀವ ಉಳಿದರಷ್ಟೇ ಸಾಲದು. ಗೂಬೆಗೆ ಕತ್ತಲಲ್ಲಿ ಇಲಿ ಹಿಡಿಯಲು ಬರಬೇಕು, ಅಳಿಲಿಗೆ ಬೆಕ್ಕು ಕಂಡರೆ ಓಡಬೇಕೆನಿಸಬೇಕು, ಕೋತಿಗೆ ತನ್ನವರ ಗುಂಪಿನಲ್ಲಿ ತಲೆ ತಗ್ಗಿಸಿ ಬಾಳಲು ತಿಳಿದಿರಬೇಕು.

ನಮ್ಮ ರಾಜ್ಯದಲ್ಲಿ ಈ ಕೆಲಸ ಮಾಡುವ ಜಾಗಗಳು ಕೆಲವೇ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ 1996ರಿಂದ ಇದೆ. ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಬೆಂಗಳೂರಿನಲ್ಲಿ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಷನ್ ಸೆಂಟರ್ ಇದೆ. ಬನ್ನೇರುಘಟ್ಟದಲ್ಲಿ ಅರಣ್ಯ ಇಲಾಖೆಯೊಂದಿಗೆ ಸೇರಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿಗಳನ್ನು ನೋಡಿಕೊಳ್ಳುತ್ತದೆ. ಮೈಸೂರು ಮೃಗಾಲಯಕ್ಕೆ ಸೇರಿದ ಚಾಮುಂಡಿ ಪುನರ್ವಸತಿ ಕೇಂದ್ರ ಕೂರ್ಗಳ್ಳಿಯಲ್ಲಿದೆ. ಇಂಥ ಕೇಂದ್ರ ಹತ್ತಿರವಿಲ್ಲದ ಊರುಗಳಲ್ಲಿ ಎಲ್ಲ ಭಾರವೂ ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ದನಕರುಗಳನ್ನು ನೋಡುವ ಸರ್ಕಾರಿ ಪಶುವೈದ್ಯರ ಮೇಲೆ ಬೀಳುತ್ತದೆ.

ಇವರಿಗೆ ನೆರವಾಗುವುದು ಎಂದ ಕೂಡಲೇ ನಮಗೆ ಹೊಳೆಯುವುದು ದೇಣಿಗೆ. ದೇಣಿಗೆ ಬೇಕೇ ಬೇಕು, ಅದರ ಮಾತಿಗೆ ಮುಂದೆ ಬರುತ್ತೇನೆ. ಆದರೆ ವೈದ್ಯರ ಕೈಗೆ ಬರುವ ಹೊತ್ತಿಗೆ ಎಷ್ಟೋ ಜೀವಿಗಳ ಕೇಸು ಆಗಲೇ ಕೆಟ್ಟಿರುತ್ತದೆ. ಕೆಡಿಸಿದ್ದು ಕ್ರೌರ್ಯವಲ್ಲ, ಕಾಳಜಿ. ಒಂದು ಫಿಲ್ಲರ್ ನೀರು, ಒಂದು ಬಟ್ಟಲು ಹಾಲು, ಮನೆಯಲ್ಲೇ ಸಾಕಿ ದೊಡ್ಡದು ಮಾಡೋಣ ಎಂಬ ಮಕ್ಕಳ ಆಸೆ. ಹಾಗಾಗಿ ಸಾಮಾನ್ಯ ಜನ ಕೊಡಬಹುದಾದ ಅತಿ ದೊಡ್ಡ ನೆರವು ಆಸ್ಪತ್ರೆ ತಲುಪುವ ಮುಂಚಿನ ಒಂದೆರಡು ಗಂಟೆಗಳಲ್ಲಿದೆ ಎಂದು ನಾನು ನಂಬಿದ್ದೇನೆ.

ಮೊದಲ ಗಂಟೆ

ಬೇಸಿಗೆಯಲ್ಲಿ ಬಿಸಿಲಿಗೆ ಬಸವಳಿದು ಬಿದ್ದ ಹದ್ದಿನ ಕೊಕ್ಕು ತೆರೆದು ನೀರು ಬಿಡುವುದನ್ನು ಎಲ್ಲರೂ ಪುಣ್ಯದ ಕೆಲಸ ಎಂದುಕೊಳ್ಳುತ್ತಾರೆ. ಹಕ್ಕಿಯ ಉಸಿರಿನ ಕೊಳವೆಯ ಬಾಯಿ ಅದರ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ನಾವು ಬಿಟ್ಟ ನೀರು ಹೊಟ್ಟೆಗೆ ಹೋಗುವ ಬದಲು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಅಳಿಲು ಮರಿಗೆ ಸಿರಿಂಜಿನಲ್ಲಿ ಹಾಲು ಒತ್ತಿದಾಗಲೂ ಇದೇ ಆಗುತ್ತದೆ. ಮೂಗಿನಿಂದ ಹಾಲು ಗುಳ್ಳೆಯಾಗಿ ಬಂದರೆ ಅದರ ಅರ್ಥ ಮರಿಯ ಎದೆಯೊಳಗೆ ಹಾಲು ಸೇರಿದೆ ಎಂದು. ಎರಡು ದಿನದಲ್ಲಿ ನ್ಯುಮೋನಿಯ.

ಊಟದ ವಿಷಯವೂ ಅಷ್ಟೇ. ಹಲವು ದಿನ ಉಪವಾಸವಿದ್ದು ದೇಹ ತಣ್ಣಗಾದ ಪ್ರಾಣಿಗೆ ಅರಗಿಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಆಗ ಹೊಟ್ಟೆ ತುಂಬಿಸಿದರೆ ರಕ್ತದಲ್ಲಿನ ಲವಣಗಳ ಸಮತೋಲ ತಪ್ಪಿ, ಹಸಿವಿನಿಂದ ಸಾಯದಿದ್ದದ್ದು ಊಟದಿಂದ ಸಾಯಬಹುದು. ವೈದ್ಯರು ಅನುಸರಿಸುವ ಕ್ರಮ ಯಾವಾಗಲೂ ಒಂದೇ: ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಚರ್ಮದಡಿಯೋ ನಾಳದೊಳಗೋ ದ್ರವ, ಕೊನೆಗೆ ಊಟ. ಹಸುವಿನ ಹಾಲಂತೂ ಬೇಡವೇ ಬೇಡ. ಹಕ್ಕಿಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಅಳಿಲು, ಬಾವಲಿ ಮರಿಗಳಿಗೆ ಭೇದಿ ಹತ್ತುತ್ತದೆ, ಅಂಗೈಯಗಲದ ಜೀವಕ್ಕೆ ಒಂದು ದಿನದ ಭೇದಿ ಸಾಕು. ಅನ್ನ, ಬ್ರೆಡ್ಡು, ಬಿಸ್ಕತ್ತು ಇವುಗಳನ್ನೂ ದೂರವಿಡಿ.

ಹಾಗಾದರೆ ಮಾಡಬೇಕಾದ್ದೇನು? ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೆಯ ಕಾಟನ್ ಬಟ್ಟೆ. ಟರ್ಕಿ ಟವೆಲ್‌ಗಿಂತ ಹಳೆಯ ಬೆಡ್‌ಶೀಟು, ಟಿ ಶರ್ಟು ವಾಸಿ, ಏಕೆಂದರೆ ಟವೆಲ್‌ನ ಎಳೆಗಳಲ್ಲಿ ಹಕ್ಕಿಯ ಉಗುರು ಸಿಕ್ಕಿಕೊಳ್ಳುತ್ತದೆ. ಹಕ್ಕಿಯ ಮೇಲೆ ಬಟ್ಟೆ ಹಾಕಿ, ರೆಕ್ಕೆಗಳು ಮೈಗೆ ಅಂಟಿಕೊಂಡಿರುವಂತೆ ಹಿಡಿದು ಒಳಗಿಟ್ಟು ಮುಚ್ಚಿಬಿಡಿ. ಕತ್ತಲಾದರೆ ಅದರ ಗಾಬರಿ ಇಳಿಯುತ್ತದೆ. ತಂತಿ ಪಂಜರ, ಬೆಕ್ಕು ಸಾಗಿಸುವ ಬುಟ್ಟಿ ಹಕ್ಕಿಗೆ ಬೇಡ. ಬಡಿದಾಡುವಾಗ ರೆಕ್ಕೆಯ ಉದ್ದ ಗರಿಗಳು ಮುರಿದರೆ, ಗಾಯ ವಾರದಲ್ಲಿ ಮಾಯ್ದರೂ ಹೊಸ ಗರಿ ಬರುವ ತನಕ ತಿಂಗಳುಗಟ್ಟಲೆ ಅದು ಆಸ್ಪತ್ರೆಯ ಜಾಗ ಹಿಡಿದು ಕೂರಬೇಕಾಗುತ್ತದೆ. ಪೆಟ್ಟಿಗೆಯನ್ನು ಟಿವಿ, ನಾಯಿ, ಮಕ್ಕಳಿಂದ ದೂರದ ಕೋಣೆಯಲ್ಲಿಡಿ. ಐದೈದು ನಿಮಿಷಕ್ಕೆ ತೆರೆದು ನೋಡಬೇಡಿ. ಕಾಡುಜೀವಿಗೆ ಮನುಷ್ಯನ ಮುಖ ಎಂದರೆ ಬೇಟೆಗಾರನ ಮುಖ. ವಿಪರೀತ ಭಯದಿಂದ ಸ್ನಾಯುಗಳು ಕರಗಿ ಜಿಂಕೆಯಂಥ ಪ್ರಾಣಿಗಳು ಗಾಯವೇ ಇಲ್ಲದೆ ಸಾಯುವುದುಂಟು. ತಲೆ ಸವರಿ ಸಮಾಧಾನ ಮಾಡುವುದು ನಾಯಿಗೆ ಸರಿ, ಕಾಡುಪಾಪಕ್ಕಲ್ಲ.

ಗಾಜಿನ ಕಿಟಕಿಗೆ ಡಿಕ್ಕಿ ಹೊಡೆದು ಮಂಕಾದ ಹಕ್ಕಿಗಾದರೆ ಈ ಪೆಟ್ಟಿಗೆಯೇ ಚಿಕಿತ್ಸೆಯಾಗುವುದೂ ಉಂಟು. ಒಂದೆರಡು ಗಂಟೆ ಕತ್ತಲಲ್ಲಿ ಸುಧಾರಿಸಿಕೊಂಡು ಪೆಟ್ಟಿಗೆ ತೆರೆದಾಗ ಹಾರಿಹೋಗುತ್ತದೆ. ಹೋಗದಿದ್ದರೆ ಆಸ್ಪತ್ರೆ.

ಮಾಂಜಾ ಸುತ್ತಿಕೊಂಡಿದ್ದರೆ ದಾರವನ್ನು ಎಳೆಯಬೇಡಿ. ಹಕ್ಕಿ ಮತ್ತು ಮರದ ನಡುವೆ ದಾರ ಕತ್ತರಿಸಿ, ಮೈಯಲ್ಲಿ ಹೂತಿರುವುದನ್ನು ಹಾಗೇ ಬಿಟ್ಟು ಕಳುಹಿಸಿ. ಇಲಿಗೆಂದು ಇಟ್ಟ ಅಂಟಿನ ಹಾಳೆಗೆ ಹಾವೋ ಅಳಿಲೋ ಸಿಕ್ಕಿದ್ದರೆ ಕಿತ್ತರೆ ಚರ್ಮವೇ ಬರುತ್ತದೆ. ಖಾಲಿ ಇರುವ ಅಂಟಿನ ಮೇಲೆ ಕಾಗದ ಹಾಸಿ, ಇನ್ನಷ್ಟು ಅಂಟಿಕೊಳ್ಳದಂತೆ ಮಾಡಿ ಹಾಳೆಯ ಸಮೇತ ಒಯ್ಯಿರಿ. ಬೆಕ್ಕು ಕಚ್ಚಿ ತಂದ ಹಕ್ಕಿಯ ಮೈಮೇಲೆ ಸೂಜಿ ಚುಚ್ಚಿದಷ್ಟು ಗಾಯವೂ ಕಾಣದಿರಬಹುದು. ಆದರೂ ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯ ಹಕ್ಕಿಯನ್ನು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಬೇಗ ಆ್ಯಂಟಿಬಯೋಟಿಕ್ ಬೀಳಬೇಕು. ಹಾಗಾಗಿ ಫೋನಿನಲ್ಲಿ ಮಾತಾಡುವಾಗ ‘ಬೆಕ್ಕು ಹಿಡಿದಿತ್ತು’ ಎಂಬ ಮಾತನ್ನು ಮರೆಯದೆ ಹೇಳಿ.

ನಿಮ್ಮ ಸುರಕ್ಷತೆಯೂ ಇಲ್ಲಿ ಮುಖ್ಯ. ಕೋತಿ, ಬಾವಲಿ, ಪುನುಗು ಬೆಕ್ಕು, ನರಿ ಇವುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಸತ್ತ ಮಂಗದ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸುವುದೇ ಅಲ್ಲಿ ಸರಿಯಾದ ಕೆಲಸ.

ಎತ್ತಿಕೊಳ್ಳಲೇಬೇಕೇ?

ಮರಿ ಹುಟ್ಟುವ ಕಾಲದಲ್ಲಿ ಆಸ್ಪತ್ರೆಗೆ ಬರುವ ಎಷ್ಟೋ ಮರಿಗಳು ತಬ್ಬಲಿಗಳೇ ಅಲ್ಲ. ನೆಲದ ಮೇಲೆ ಕುಪ್ಪಳಿಸುತ್ತಿರುವ, ಮೈತುಂಬ ಗರಿ ಬಂದ, ಮೋಟು ಬಾಲದ ಮರಿ ಹಾರಲು ಕಲಿಯುತ್ತಿರುತ್ತದೆ. ಗೂಡು ಬಿಟ್ಟ ಮೇಲೂ ಕೆಲವು ದಿನ ತಂದೆತಾಯಿ ಅದಕ್ಕೆ ನೆಲದಲ್ಲೇ ತುತ್ತು ಕೊಡುತ್ತವೆ. ನಾವು ಅದನ್ನು ಎತ್ತಿಕೊಂಡು ಬಂದರೆ ಅದು ರಕ್ಷಣೆಯಲ್ಲ, ಅಪಹರಣ. ಬೆಕ್ಕು ನಾಯಿಗಳ ದಾರಿಯಲ್ಲಿದ್ದರೆ ಹತ್ತಿರದ ಪೊದೆಗೋ ಗೋಡೆಯ ಮೇಲಕ್ಕೋ ಸರಿಸಿ, ದೂರ ನಿಂತು ಗಮನಿಸಿದರೆ ಸಾಕು. ಗರಿಯೇ ಮೂಡದ ಮರಿಯಾದರೆ ಗೂಡು ಹುಡುಕಿ ಒಳಗಿಡಿ. ಗೂಡು ಉದುರಿಹೋಗಿದ್ದರೆ ತೂತುಗಳಿರುವ ಸಣ್ಣ ಬುಟ್ಟಿಯನ್ನು ಅದೇ ಮರಕ್ಕೆ ಕಟ್ಟಬಹುದು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಅದು ನಿಜವಲ್ಲ. ಅಳಿಲಿನ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮತ್ತೆ ಮೇಲಕ್ಕೆ ಒಯ್ಯುತ್ತದೆ. ಮರಿ ತಣ್ಣಗಾಗದಂತೆ ನೋಡಿಕೊಂಡು, ತೆರೆದ ಡಬ್ಬದಲ್ಲಿ ಮರದ ಬುಡದಲ್ಲಿಟ್ಟು ಅದಕ್ಕೆ ಅವಕಾಶ ಕೊಡಬೇಕು.

ಕೋಗಿಲೆ ಮರಿಯ ಕಥೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ನಮಗೆಲ್ಲ ಗೊತ್ತು. ಆದರೆ ಬೇರೆ ಬಣ್ಣದ ಮರಿಯ ಸುತ್ತ ಕಾಗೆ ಸುಳಿದಾಡಿದರೆ ಕುಕ್ಕಿ ಕೊಲ್ಲುತ್ತಿದೆ ಎಂದುಕೊಂಡು ಓಡಿಸುತ್ತೇವೆ. ಎಷ್ಟೋ ಸಲ ಆ ಕಾಗೆಯೇ ಅದನ್ನು ಸಾಕುತ್ತಿರುತ್ತದೆ. ಅರ್ಧ ಗಂಟೆ ತಾಳ್ಮೆಯಿಂದ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಕಬ್ಬಿನ ಕಟಾವಿನ ಹೊತ್ತಿನಲ್ಲಿ ಗದ್ದೆಯೊಳಗೆ ಚಿರತೆಯ ಮರಿಗಳೋ ಕಾಡುಬೆಕ್ಕಿನ ಮರಿಗಳೋ ಸಿಕ್ಕಾಗಲೂ ಇದೇ ನಿಯಮ. ತಾಯಿ ಸತ್ತಿಲ್ಲ, ಜನರ ಸದ್ದಿಗೆ ಹೆದರಿ ಪಕ್ಕದಲ್ಲೇ ಅಡಗಿದೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸೇರಿ ಇಂಥ ಮರಿಗಳ ಆರೋಗ್ಯ ಪರೀಕ್ಷಿಸಿ, ಸಂಜೆ ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು, ಕ್ಯಾಮೆರಾ ಹೂಡಿ ಕಾಯುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದನ್ನೇ ಒಯ್ಯುತ್ತದೆ. ಇದು ಸಾಧ್ಯವಾಗಬೇಕಾದರೆ ಮರಿಗಳು ಸಿಕ್ಕಲ್ಲೇ ಇರಬೇಕು, ಊರ ಜನ ರಾತ್ರಿ ಆ ಕಡೆ ಸುಳಿಯಬಾರದು. ಮರಿಗಳನ್ನು ಊರೊಳಗೆ ತಂದು ಫೋಟೊ ತೆಗೆಸಿಕೊಳ್ಳುತ್ತ ಒಂದು ಹಗಲು ಕಳೆದರೆ, ಎರಡು ಮರಿಗಳ ಬಾಳೆಲ್ಲ ಪಂಜರದಲ್ಲಿ ಕಳೆಯುವ ಹಾಗಾಗಬಹುದು. ಒಂದು ರಾತ್ರಿ ಗದ್ದೆಯನ್ನು ಬಿಟ್ಟುಕೊಡುವ ರೈತ ಯಾವ ದೊಡ್ಡ ದಾನಿಗೂ ಕಡಿಮೆಯಲ್ಲ.

ಗೂಬೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಪಾರ್ಟ್‌ಮೆಂಟಿನ ಪೈಪು ಹೋಗುವ ಸಂದಿಯಲ್ಲಿ ಕಣಜಗೂಬೆ ಮರಿ ಮಾಡಿದರೆ ಅಪಶಕುನ ಎಂದು ತೆಗೆಸಲು ಕರೆ ಮಾಡುವವರಿದ್ದಾರೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹಾರುತ್ತವೆ, ಅಲ್ಲಿಯವರೆಗೆ ನಿಮ್ಮ ಕಟ್ಟಡದ ಇಲಿಗಳನ್ನು ತಿಂದು ಉಪಕಾರವನ್ನೇ ಮಾಡುತ್ತವೆ. ಅವು ಹೋದ ಮೇಲೆ ಸಂದಿಗೆ ಜಾಲರಿ ಹಾಕಿಸಿ. ಈ ಒಂದು ಸಹನೆಯಿಂದ ಆಸ್ಪತ್ರೆಗೆ ನಾಲ್ಕೈದು ಮರಿಗಳ ಆರೈಕೆ ಉಳಿಯುತ್ತದೆ.

ಮನೆಯಲ್ಲೇ ಸಾಕುವ ಆಸೆ ಇನ್ನೊಂದು ತೊಡಕು. ಕೋಳಿ ಮಾಂಸದ ಚೂರನ್ನಷ್ಟೇ ತಿಂದು ಬೆಳೆದ ಹದ್ದಿನ ಮರಿಗೆ ಕ್ಯಾಲ್ಸಿಯಂ ಸಾಲದೆ ಮೂಳೆ ಬಾಗುತ್ತದೆ. ಕಾಡಿನಲ್ಲಿ ಅದು ತಿನ್ನುವುದು ಮೂಳೆ ಚರ್ಮ ಸಮೇತ ಇಡೀ ಬೇಟೆಯನ್ನು. ಮನುಷ್ಯರ ಕೈಯಲ್ಲೇ ಕಣ್ಣುಬಿಟ್ಟು ಬೆಳೆದ ಗೂಬೆ ಮರಿ ಮನುಷ್ಯರನ್ನೇ ತನ್ನ ಜಾತಿ ಎಂದು ತಿಳಿಯುತ್ತದೆ, ಮುಂದೆ ಅದನ್ನು ಬಿಟ್ಟರೂ ಬದುಕಲಾರದು. ಕಾನೂನೂ ಇದಕ್ಕೆ ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಇಂಥ ಜೀವಿ ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರವುಳ್ಳ ಅರಣ್ಯಾಧಿಕಾರಿಗೋ ತಿಳಿಸಬೇಕು. ಪಂಜರದ ಗಿಣಿಯೂ ನಕ್ಷತ್ರ ಆಮೆಯೂ ಈ ಕಾಯ್ದೆಯ ಕೆಳಗೇ ಬರುತ್ತವೆ. ಹತ್ತಿರದ ಕೇಂದ್ರದ ನಂಬರು ಗೊತ್ತಿಲ್ಲದಿದ್ದರೆ ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಎಲ್ಲಿ ಸಿಕ್ಕಿತು ಎಂಬ ಒಂದು ಸಾಲು

ಪ್ರಾಣಿಯನ್ನು ಒಪ್ಪಿಸುವಾಗ ಸಿಕ್ಕ ಜಾಗ, ಹೊತ್ತು, ಆಗ ಅದು ಏನು ಮಾಡುತ್ತಿತ್ತು, ನೀವು ಏನಾದರೂ ತಿನ್ನಿಸಿದಿರಾ, ಇಷ್ಟನ್ನು ಬರೆದು ಕೊಡಿ. ಮೊಬೈಲಿನ ಲೊಕೇಶನ್ ಕಳುಹಿಸಿದರೆ ಇನ್ನೂ ಒಳ್ಳೆಯದು. ‘ಜಯನಗರದ ಕಡೆ’ ಎಂದರೆ ಸಾಲದು, ಯಾವ ಪಾರ್ಕಿನ ಯಾವ ಬದಿ ಎಂದು ಬೇಕು.

ವೈದ್ಯರು ಇದನ್ನು ಯಾಕಿಷ್ಟು ಒತ್ತಿ ಕೇಳುತ್ತಾರೆ ಎಂದರೆ, ಗುಣವಾದ ಜೀವಿಯನ್ನು ಬಿಡಬೇಕಾದ್ದು ಅಲ್ಲಿಗೇ. ಅದಕ್ಕೆ ನೀರು ಎಲ್ಲಿದೆ, ರಾತ್ರಿ ಕೂರುವ ಮರ ಯಾವುದು, ಶತ್ರು ಯಾವ ದಿಕ್ಕಿನಿಂದ ಬರುತ್ತದೆ ಎಂದು ಗೊತ್ತಿರುವುದು ಆ ಜಾಗದಲ್ಲಿ ಮಾತ್ರ. ಬೆಂಗಳೂರಿನ ಹಾವನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಅದಕ್ಕೆ ಸ್ವಾತಂತ್ರ್ಯ ಸಿಕ್ಕಿತು ಎಂದು ನಾವು ಭಾವಿಸುತ್ತೇವೆ. ಗುರುತಿಲ್ಲದ ನೆಲದಲ್ಲಿ ಬಿಲ ಹುಡುಕುತ್ತ ಗುರಿಯಿಲ್ಲದೆ ಅಲೆದು ಅದು ಸಾಯುವ ಸಂಭವವೇ ಹೆಚ್ಚು.

ಜಾಗ ತಿಳಿಯದಿದ್ದರೆ ಎಷ್ಟು ಕಷ್ಟ ಎನ್ನುವುದಕ್ಕೆ ಕಳ್ಳಸಾಗಣೆಯಲ್ಲಿ ಸಿಕ್ಕ ನಕ್ಷತ್ರ ಆಮೆಗಳು ಸಾಕ್ಷಿ. 2018ರಲ್ಲಿ ಸಿಂಗಪುರದಿಂದ 51 ಆಮೆಗಳನ್ನು ಬೆಂಗಳೂರಿಗೆ ವಾಪಸ್ ತರಲಾಯಿತು. ಅವು ನಮ್ಮ ದೇಶದ ಯಾವ ಹೊಲದ ಬದುವಿನಿಂದ ಹೋದವು ಎಂದು ಹೇಳಲು ಯಾರೂ ಇರಲಿಲ್ಲ. ಇಂಥವನ್ನು ನೇರ ಬಿಡುವಂತಿಲ್ಲ. ರೋಗವಿಲ್ಲ ಎಂದು ಖಚಿತವಾಗುವ ತನಕ ಬೇರೆಯಾಗಿಟ್ಟು, ಆಮೇಲೆ ಬೇಲಿಯೊಳಗಿನ ಕುರುಚಲು ಕಾಡಿನಲ್ಲಿ ನಿಧಾನ ಒಗ್ಗಿಸಬೇಕಾಗುತ್ತದೆ. ಮರುವರ್ಷವೇ, 2019ರಲ್ಲಿ, ನಕ್ಷತ್ರ ಆಮೆಯನ್ನು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಲಾಯಿತು.

ದುಡ್ಡು, ಸಾಮಾನು

ವಿಡಿಯೊದಲ್ಲಿ ಆನೆಮರಿ ಬಂದರೆ ದುಡ್ಡು ಹರಿಯುತ್ತದೆ. ಆಸ್ಪತ್ರೆ ತುಂಬಿರುವುದು ಹದ್ದು, ಪಾರಿವಾಳ, ಕೇರೆಹಾವು, ಬಾವಲಿಗಳಿಂದ. ಅವುಗಳ ಹೆಸರಿನಲ್ಲಿ ಯಾರೂ ದುಡ್ಡು ಕಳುಹಿಸುವುದಿಲ್ಲ. ಖರ್ಚು ಯಾವುದಕ್ಕೆ ಎಂದು ನೋಡಿದರೆ ಎಲ್ಲವೂ ನೀರಸ ಬಾಬ್ತುಗಳು: ಸಲೈನು, ಗಾಯಕ್ಕೆ ಕಟ್ಟುವ ಬಟ್ಟೆ, ನೋವಿನ ಔಷಧ, ಅರಿವಳಿಕೆಯ ಅನಿಲ, ಎಕ್ಸ್‌ರೇ, ಮರಿಗಳ ಇನ್‌ಕ್ಯುಬೇಟರಿನ ಕರೆಂಟ್ ಬಿಲ್ಲು, ಆಂಬುಲೆನ್ಸಿನ ಡೀಸೆಲ್ಲು, ದಿನದ ಮಾಂಸ ಮತ್ತು ಹಣ್ಣು, ವೈದ್ಯರ ಮತ್ತು ಪಂಜರ ತೊಳೆಯುವವರ ಸಂಬಳ. ಕೀಟ ತಿನ್ನುವ ಹಕ್ಕಿಯ ಪುಟ್ಟ ಮರಿಗೆ ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ತಿನ್ನಿಸಬೇಕು. ಇಪ್ಪತ್ತು ಮರಿಗಳಿದ್ದರೆ ಆ ಕೆಲಸಕ್ಕೇ ಒಬ್ಬರು ಬೇಕು. ಹಾಗಾಗಿ ಒಮ್ಮೆ ಕಳುಹಿಸುವ ದೊಡ್ಡ ಮೊತ್ತಕ್ಕಿಂತ, ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ಅವರಿಗೆ ಹೆಚ್ಚು ಬಲ ಕೊಡುತ್ತದೆ. ಮುಂದಿನ ತಿಂಗಳ ಸಂಬಳಕ್ಕೆ ದಾರಿ ಇದೆ ಎಂದು ಗೊತ್ತಿದ್ದರೆ ತಾನೇ ಕೆಲಸದವರನ್ನು ಇಟ್ಟುಕೊಳ್ಳುವುದು. ಇಂಥದ್ದಕ್ಕೇ ಬಳಸಿ ಎಂದು ಷರತ್ತು ಹಾಕದಿದ್ದರೆ ಇನ್ನೂ ಉತ್ತಮ.

ಮರಳಿ ಬಿಡಲಾಗದ ಪ್ರಾಣಿಗಳಿದ್ದರೆ ಈ ಮಾತು ಇನ್ನಷ್ಟು ನಿಜ. ಕುಣಿಸುವ ಕರಡಿಗಳ ಪೈಕಿ ಕೊನೆಯದೆಂದು ದಾಖಲಾದ ರಾಜು ಎಂಬ ಕರಡಿ 2009ರಲ್ಲಿ ಬನ್ನೇರುಘಟ್ಟದ ಕೇಂದ್ರಕ್ಕೆ ಬಂತು. ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಉಗುರು ಕಿತ್ತು ಪಳಗಿಸಿದ ಇಂಥ ಕರಡಿಗಳು ಕಾಡಿಗೆ ಹೋಗಲಾರವು. ಅವು ಬದುಕಿರುವಷ್ಟು ವರ್ಷವೂ ಊಟ, ಔಷಧ, ಮುಪ್ಪಿನ ಆರೈಕೆ ನಡೆಯಬೇಕು. ಸುದ್ದಿ ತಣ್ಣಗಾದ ಎಷ್ಟೋ ವರ್ಷಗಳ ನಂತರವೂ.

ಕಂಪನಿಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಬಾಗಿಲು ತಟ್ಟಬಹುದು. 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಪ್ರಾಣಿ ಕಲ್ಯಾಣವೂ ಸಸ್ಯ ಮತ್ತು ಪ್ರಾಣಿಸಂಕುಲದ ರಕ್ಷಣೆಯೂ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಬಳಸಬಹುದಾದ ಬಾಬ್ತುಗಳಾಗಿ ಸೇರಿವೆ. ಒಂದು ಎಕ್ಸ್‌ರೇ ಯಂತ್ರ, ಹಾರಾಟ ಅಭ್ಯಾಸದ ಒಂದು ದೊಡ್ಡ ಪಂಜರ ಇಂಥವು ಬಿಡಿ ದೇಣಿಗೆಯಿಂದ ಆಗುವ ಕೆಲಸಗಳಲ್ಲ. ಆಫೀಸಿನ ಸಿಎಸ್‌ಆರ್ ತಂಡಕ್ಕೆ ಕೇಂದ್ರದ ಹೆಸರು ಸೂಚಿಸಿ ಒಂದು ಇಮೇಲ್ ಬರೆಯಲು ಹತ್ತು ನಿಮಿಷ ಸಾಕು.

ದುಡ್ಡು ಕೊಡುವ ಮುಂಚೆ ವಿಚಾರಿಸುವುದು ತಪ್ಪಲ್ಲ. ಅರಣ್ಯ ಇಲಾಖೆಯ ಅನುಮತಿ ಇದೆಯೇ, ವೈದ್ಯರಿದ್ದಾರೆಯೇ, ಎಷ್ಟು ಬಂದವು ಎಷ್ಟು ಹೋದವು ಎಂಬ ಲೆಕ್ಕ ಇಡುತ್ತಾರೆಯೇ ಎಂದು ಕೇಳಿ. ಬಂದವರಿಗೆಲ್ಲ ಗೂಬೆ ಮರಿಯನ್ನು ಕೈಗೆ ಕೊಟ್ಟು ಫೋಟೊ ತೆಗೆಸುವ ಜಾಗವಾದರೆ ದೂರವಿರಿ. ಒಳಗೆ ಬಿಡುವುದಿಲ್ಲ, ದೂರದಿಂದಲೂ ತೋರಿಸುವುದಿಲ್ಲ ಎನ್ನುವ ಕೇಂದ್ರ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂದೇ ತಿಳಿಯಬೇಕು.

ಸಾಮಾನು ಕೊಡುವುದಾದರೆ ಮೊದಲು ಫೋನು ಮಾಡಿ ಏನು ಬೇಕೆಂದು ಕೇಳಿ. ಹಳೆಯ ಪತ್ರಿಕೆ, ಕಾಟನ್ ಬೆಡ್‌ಶೀಟು, ಗಟ್ಟಿ ರಟ್ಟಿನ ಪೆಟ್ಟಿಗೆ ಬಹುತೇಕ ಎಲ್ಲ ಕಡೆ ನಡೆಯುತ್ತವೆ. ಲೇಔಟಿನಲ್ಲಿ ಮರ ಸವರಿದಾಗ ಉಳಿಯುವ ಕೊಂಬೆಗಳೂ ಬೇಕಾಗಬಹುದು. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ದಿನಗಟ್ಟಲೆ ಕೂತರೆ ಬೇಟೆ ಹಕ್ಕಿಗಳ ಪಾದದಲ್ಲಿ ಹುಣ್ಣಾಗುತ್ತದೆ, ಬೇರೆ ಬೇರೆ ದಪ್ಪದ ಒರಟು ಕೊಂಬೆಗಳಿದ್ದರೆ ಅದು ತಪ್ಪುತ್ತದೆ.

ಕೈ, ಕಾರು, ಕಸುಬು

ಸ್ವಯಂಸೇವಕರಾಗಿ ಹೋಗುವವರು ಪ್ರಾಣಿಗಳ ಜೊತೆ ಕಾಲ ಕಳೆಯಬಹುದು ಎಂಬ ನಿರೀಕ್ಷೆ ಇಟ್ಟುಕೊಳ್ಳಬಾರದು. ಅಲ್ಲಿ ನಿಮ್ಮ ಪಾಲಿಗೆ ಬರುವುದು ತಟ್ಟೆ ತೊಳೆಯುವುದು, ಪಪಾಯ ಹೆಚ್ಚುವುದು, ಹಿಕ್ಕೆ ಬಳಿಯುವುದು, ದಾಖಲೆ ಪುಸ್ತಕ ತುಂಬುವುದು. ಮುಟ್ಟದಿರುವುದು, ಮಾತಾಡಿಸದಿರುವುದು ಅಲ್ಲಿನ ಚಿಕಿತ್ಸೆಯ ಭಾಗ.

ಬೆಂಗಳೂರಿನಂಥ ಊರಿನಲ್ಲಿ ಅತಿ ಹೆಚ್ಚು ಬೇಡಿಕೆ ಸಾಗಾಟಕ್ಕೆ. ಯಲಹಂಕದಲ್ಲಿ ಬಿದ್ದ ಹಕ್ಕಿಯನ್ನು ಕೆಂಗೇರಿಗೆ ತರಲು ಸಂಜೆಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಇರುವ ಒಂದೆರಡು ವಾಹನಗಳು ಆ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿರುತ್ತವೆ. ನಿಮ್ಮ ಬಳಿ ಕಾರಿದ್ದು, ಹಾಡು ಹಾಕದೆ ನಿಧಾನ ಓಡಿಸಲು ಬಂದರೆ, ನಿಮ್ಮ ಬಡಾವಣೆಯ ಹೆಸರು ಹೇಳಿ ಸಾಗಾಟಕ್ಕೆ ಸಿದ್ಧ ಎಂದು ಕೇಂದ್ರಕ್ಕೆ ತಿಳಿಸಿಡಿ. ಬಡಗಿ, ವೆಲ್ಡರ್, ಎಲೆಕ್ಟ್ರಿಷಿಯನ್, ಲೆಕ್ಕಪತ್ರ ಬಲ್ಲವರು, ಕನ್ನಡದಲ್ಲಿ ಚೊಕ್ಕವಾಗಿ ಬರೆಯಬಲ್ಲವರು, ಎಲ್ಲರಿಗೂ ಕೆಲಸವಿದೆ. ಕನ್ನಡದಲ್ಲಿ ಬರೆದ ಒಂದು ಪುಟದ ಸೂಚನೆ ತಾಲ್ಲೂಕಿನ ಪಶು ಆಸ್ಪತ್ರೆಯ ಗೋಡೆಗೆ ಹತ್ತಿದರೆ ಎಷ್ಟು ಅಳಿಲು ಮರಿಗಳು ಹಸುವಿನ ಹಾಲಿನಿಂದ ಉಳಿಯುತ್ತವೆ ಎಂದು ಯೋಚಿಸಿ.

ಆಸ್ಪತ್ರೆಗೆ ಬರುವುದನ್ನೇ ಕಡಿಮೆ ಮಾಡುವುದು

ನೈಲಾನ್ ದಾರ ಮತ್ತು ಗಾಜಿನ ಪುಡಿ ಲೇಪಿಸಿದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಮಾರಾಟ ನಿಂತಿಲ್ಲ. ಅಂಗಡಿಯಲ್ಲಿ ಕಂಡರೆ ದೂರು ಕೊಡಿ, ಮಕ್ಕಳಿಗೆ ಹತ್ತಿಯ ದಾರ ಕೊಡಿಸಿ. ಗಾಳಿಪಟದ ಕಾಲ ಮುಗಿದ ಮೇಲೆ ಮರಗಳಲ್ಲಿ, ಕರೆಂಟ್ ಕಂಬಗಳಲ್ಲಿ ಉಳಿದ ದಾರ ಇನ್ನೂ ಎಷ್ಟೋ ತಿಂಗಳು ಹಕ್ಕಿಗಳನ್ನು ಹಿಡಿಯುತ್ತಲೇ ಇರುತ್ತದೆ. ನೈಲಾನ್ ಕೊಳೆಯುವುದಿಲ್ಲವಲ್ಲ. ಲೇಔಟಿನ ಯುವಕರು ಒಂದು ಭಾನುವಾರ ಕೈಗೆಟುಕುವ ದಾರವನ್ನೆಲ್ಲ ಕೋಲಿಗೆ ಸುತ್ತಿ ತೆಗೆದು, ಚೂರು ಚೂರಾಗಿ ಕತ್ತರಿಸಿ ಕಸಕ್ಕೆ ಹಾಕಿದರೆ ಅದರ ಫಲ ವರ್ಷವಿಡೀ ಇರುತ್ತದೆ. ಕರೆಂಟ್ ತಂತಿಗೆ ಸಿಕ್ಕಿದ್ದನ್ನು ಮಾತ್ರ ಮುಟ್ಟದೆ ವಿದ್ಯುತ್ ಕಂಪನಿಗೆ ತಿಳಿಸಿ.

ಮುಂಗಾರಿಗೆ ಮುಂಚೆ ಕೊಂಬೆ ಕಡಿಯುವವರಿಗೆ ಗೂಡಿದೆಯೇ ನೋಡಿ ಎನ್ನಿ, ಇದ್ದರೆ ಆ ಕೊಂಬೆಯನ್ನು ಕೆಲವು ವಾರ ತಡೆದು ಕಡಿಸಿ. ಇಲಿ ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ಆ ವಿಷ ಅದಕ್ಕೂ ಏರುತ್ತದೆ, ಅಂಟಿನ ಹಾಳೆಯ ಕಥೆ ಆಗಲೇ ಹೇಳಿದೆ. ಇವೆರಡರ ಬದಲು ಹಳೆಯ ಕಾಲದ ಬೋನು ಸಾಕು. ಹೊಲದವರಾದರೆ ಹಂದಿಗೆಂದು ಹಾಕಿದ ಉರುಳು ಹಂದಿಯನ್ನೇ ಹಿಡಿಯುತ್ತದೆ ಎಂಬ ಖಾತ್ರಿ ಇಲ್ಲ. ಚಿರತೆ, ಕರಡಿ ಸೊಂಟಕ್ಕೆ ಸುತ್ತಿಕೊಂಡು ಒದ್ದಾಡಿದ ಮೇಲೆ ಬದುಕಿಸುವುದು ತುಂಬಾ ಕಷ್ಟ. ಮೇಲ್ಗೋಡೆಯಿಲ್ಲದ ಬಾವಿಗೆ ಕಟ್ಟೆ ಕಟ್ಟಿಸಿ. ಬೇಸಿಗೆಯಲ್ಲಿ ಮಹಡಿ ಮೇಲೆ ಮಣ್ಣಿನ ತಟ್ಟೆಯಲ್ಲಿ ನೀರಿಡುವವರು ದಿನಾ ತೊಳೆದು ಹೊಸ ನೀರು ತುಂಬಿಸಿ, ನಡುವೆ ಒಂದು ಕಲ್ಲಿಡಿ. ಕೊಳಕು ತಟ್ಟೆಯಿಂದ ಹಕ್ಕಿಯಿಂದ ಹಕ್ಕಿಗೆ ರೋಗ ಹರಡುತ್ತದೆ.

ಫೋನಿನ ಆ ಬದಿಯವರು

ಇಷ್ಟೆಲ್ಲ ಮಾಡಿದರೂ ಬಂದ ಎಲ್ಲ ಜೀವಿಗಳೂ ಉಳಿಯುವುದಿಲ್ಲ. ರೆಕ್ಕೆಯ ಕೀಲು ಪುಡಿಯಾದ ಹದ್ದನ್ನು ನೋವಿಲ್ಲದೆ ಕಳುಹಿಸಿಕೊಡಬೇಕು ಎಂದು ವೈದ್ಯರು ತೀರ್ಮಾನಿಸುವ ದಿನಗಳೂ ಇರುತ್ತವೆ. ಮಾರನೆಯ ದಿನ ‘ನಾನು ಕೊಟ್ಟ ಹಕ್ಕಿ ಹೇಗಿದೆ’ ಎಂದು ಕೇಳಿದವರು ಆ ಸುದ್ದಿ ಕೇಳಿ ಆಸ್ಪತ್ರೆಯವರನ್ನೇ ಕೊಲೆಗಾರರೆಂದು ಬೈಯುವುದು, ಆಂಬುಲೆನ್ಸ್ ಅರ್ಧ ಗಂಟೆ ತಡವಾಯಿತೆಂದು ಜಾಲತಾಣದಲ್ಲಿ ಮರ್ಯಾದೆ ಕಳೆಯುವುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿಬಿಟ್ಟಿದೆ. ದಿನವೂ ಸಾವು ನೋಡಿಯೂ ಮರುದಿನ ಕೆಲಸಕ್ಕೆ ಬರುವವರು ಅವರು. ಅನುಭವಿಗಳು ಕೆಲಸ ಬಿಟ್ಟು ಹೋದರೆ ಅವರ ಕೈಯ ಕುಶಲತೆಯನ್ನು ಯಾವ ದೇಣಿಗೆಯೂ ತಂದುಕೊಡದು. ಒಂದು ಒಳ್ಳೆಯ ಮಾತು, ಒಂದು ಧನ್ಯವಾದದ ಸಂದೇಶ, ಅವರ ತೀರ್ಮಾನದ ಮೇಲೆ ನಂಬಿಕೆ, ಇವೂ ಅವರಿಗೆ ಬೇಕಾದ ನೆರವೇ.

ಗುಣವಾದ ಜೀವಿಯನ್ನು ಬಿಡುವ ದಿನ ಬಂದಾಗ ನಿಮ್ಮ ಲೇಔಟಿನ ಸಹಕಾರ ಮತ್ತೆ ಬೇಕಾಗುತ್ತದೆ. ಕೇರೆಹಾವನ್ನು ಸಿಕ್ಕ ಪಾರ್ಕಿಗೇ ಬಿಡಬೇಕೆಂದರೆ ಅಸೋಸಿಯೇಷನ್ನಿನಲ್ಲಿ ತಕರಾರು ಏಳುತ್ತದೆ. ಅದು ವಿಷದ ಹಾವಲ್ಲ, ಇಷ್ಟು ದಿನ ಇಲ್ಲೇ ಇತ್ತು ಎಂದು ನೆರೆಯವರಿಗೆ ವಿವರಿಸಿ ಒಪ್ಪಿಸಲು ಅಲ್ಲಿನವರೇ ಆದ ಒಬ್ಬರಿದ್ದರೆ ಆಸ್ಪತ್ರೆಯ ಕೆಲಸ ಹಗುರ. ಹದ್ದಾದರೆ ಗುಂಪು ಕೂಡಿಸದೆ, ಪಟಾಕಿ ಚಪ್ಪಾಳೆಗಳಿಲ್ಲದೆ, ಹಗಲಿನಲ್ಲಿ ಬಯಲು ಇರುವ ಕಡೆ ಬಿಡಲು ಜಾಗ ಮಾಡಿಕೊಡಿ. ಮುಂದಿನ ಎರಡು ವಾರ ಬೆಳಗಿನ ವಾಕಿಂಗ್‌ನಲ್ಲಿ ಸ್ವಲ್ಪ ಗಮನವಿರಲಿ. ನೆಲದಲ್ಲಿ ಕೂತು ಏಳದ ಹದ್ದು ಕಂಡರೆ ಅದೇ ನಂಬರಿಗೆ ಕರೆ ಮಾಡಿ. ಬೇರೆ ಹದ್ದುಗಳ ಜೊತೆ ಸುತ್ತುವುದು ಕಂಡರೂ ಒಂದು ಸಾಲು ಬರೆದು ಕಳುಹಿಸಿ, ಬಿಟ್ಟ ಮೇಲೆ ಅದು ಏನಾಯಿತು ಎಂದು ತಿಳಿಯಲು ಆಸ್ಪತ್ರೆಯವರಿಗೆ ಅಲ್ಲಿ ವಾಸವಿರುವ ನಿಮ್ಮನ್ನು ಬಿಟ್ಟರೆ ಬೇರೆ ದಾರಿಯಿಲ್ಲ.